ಹಕ್ಕುಗಳ ಮನಿಯಾಗ ದೇವರ ಜಗಲಿ ಎಲ್ಲೈತಿ? ನ್ಯಾಚುರಲ್ ಲಾ, ಮಾನವ ಹಕ್ಕು, ದೇವರು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಧಾರವಾಡದಾಗ ವಕೀಲಕಿ ಮಾಡ್ತೇನಿ, ವಾರಕ್ಕ ಎರಡ ದಿನ ಲಾ ಹುಡುಗರಿಗೆ ಜುರಿಸ್ಪ್ರುಡೆನ್ಸ್, ಅಂದ್ರ ಕಾನೂನಿನ ತತ್ವಶಾಸ್ತ್ರ, ಹೇಳಿಕೊಡ್ತೇನಿ. ಕ್ಲಾಸಿನ್ಯಾಗ ಕೇಳಿದ್ದು, ಚಿಗರಿ ಬಸ್ಸಿನ್ಯಾಗ ಹುಬ್ಬಳ್ಳಿ ಮುಟ್ಟೋತನಕ ವಾದ ಮಾಡಿದ್ದು, ಗದಗ-ಹಾವೇರಿ ಕಡೆಯಿಂದ ಪತ್ರ, ವಾಟ್ಸಾಪ್‌ನ್ಯಾಗ ಬಂದದ್ದು, ಎಲ್ಲಾ ಕೂಡಿಸಿ ಒಂದ ಕಡೆ ಇಟ್ಟೇನಿ. ಪ್ರಶ್ನಿ ಅವರು ಕೇಳಿದಂಗನ ಅದಾವ, ತಿದ್ದಿಲ್ಲ. ಉತ್ತರ ಮಾತ್ರ ನಂದು, ಜಗಳ ಮಾಡೋದಿದ್ರ ನನ್ನ ಜೋಡಿ ಮಾಡ್ರಿ.

ಮೊದಲಿಂದ ಸುರು ಮಾಡೋರಿಗೆ

ಸರ, ನ್ಯಾಚುರಲ್ ಲಾ ಅಂದ್ರ ನ್ಯೂಟನ್‌ನ ನಿಯಮ ಇರತಾವಲ್ಲ, ಅಂಥದ್ದೇನ್ರಿ?

ಅಲ್ಲ. ಕಲ್ಲು ಕೈ ಬಿಟ್ರ ಬೀಳತೈತಿ, ಬೀಳಲೋ ಬ್ಯಾಡೋ ಅಂತ ಅದು ಯೋಚನಿ ಮಾಡಂಗಿಲ್ಲ. ಮನಷ್ಯಾ ಹಂಗಲ್ಲ, ಮಾಡಬಾರದು ಅಂತ ಗೊತ್ತಿದ್ದೂ ಮಾಡ್ತಾನ. ಶಾಸನಸಭೆಯವರು ಬರೀಲಿ ಬಿಡ್ಲಿ, ಬುದ್ಧಿ ಓಡಿಸಿದ್ರ ಯಾರಿಗಾದ್ರೂ ತಿಳಿಯುವಂಥ ಸರಿ-ತಪ್ಪು ಐತಿ ಅನ್ನೋದು ಈ ವಿಚಾರ. ಬೆಂಕಿ ಗ್ರೀಸಿನ್ಯಾಗೂ ಪರ್ಷಿಯಾದಾಗೂ ಒಂದ ನಮೂನಿ ಸುಡತೈತಿ, ನ್ಯಾಯ ಮಾತ್ರ ಊರಿಗೊಂದು ನಮೂನಿ, ಅದಕ್ಕ ಸಹಜ ನ್ಯಾಯ ಅನ್ನೋದ ಇಲ್ಲ ಅನ್ನೋರು ಅರಿಸ್ಟಾಟಲ್‌ನ ಕಾಲಕ್ಕೂ ಇದ್ರು, ಅಂವಾ ಪೂರ್ತಿ ಒಪ್ಪಲಿಲ್ಲ. ಕಾಳು ಅಳಿಯೋ ಮಾಪು ಸಂತಿಗೊಂದು ಇರಬಹುದು ಅಂತ ಅವನೂ ಒಪ್ಪತಾನ. ನಾ ಹುಡುಗರಿಗೆ ಇದರ ಮುಂದ ಒಂದ ಮಾತು ಸೇರಸ್ತೇನಿ: ಸೇರು ಊರಿಗೊಂದು ಇರ್ಲಿ, ಸೇರಿನ್ಯಾಗ ಮೋಸ ಮಾಡಿದ್ರ ಅದು ಎಲ್ಲಾ ಸಂತ್ಯಾಗೂ ಮೋಸನ.

ಕೋರ್ಟಿನ್ಯಾಗ ನ್ಯಾಚುರಲ್ ಜಸ್ಟಿಸ್ ಅಂತೀರಲ್ಲ, ಎರಡೂ ಒಂದೇನು?

ಅಕ್ಕ-ತಂಗಿ ಇದ್ದಂಗ, ಒಂದ ಅಲ್ಲ. ಇನ್ನೊಬ್ಬರ ಮಾತು ಕೇಳದ ಶಿಕ್ಷಾ ಕೊಡಬಾರದು, ತನ್ನ ಜಗಳಕ್ಕ ತಾನ ನ್ಯಾಯಾಧೀಶ ಆಗಬಾರದು, ಇವು ವಿಚಾರಣಾ ಹೆಂಗ ನಡೀಬೇಕು ಅನ್ನೋ ನಿಯಮ. ಆದ್ರ ದೇವರು ಇಲ್ಲೂ ಇಣುಕಿ ನೋಡ್ಯಾನ! 1723ರಾಗ ಇಂಗ್ಲೆಂಡಿನ್ಯಾಗ ಬೆಂಟ್ಲಿ ಅನ್ನೋ ಪಂಡಿತನ ಕೇಸು ಬಂತು, ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಅವನ ಮಾತು ಕೇಳದ ಪದವಿ ಕಸಗೊಂಡಿತ್ತು. ಜಡ್ಜ್ ಹೇಳಿದ್ದೇನು ಅಂದ್ರ, ಆದಮ್‌ನ ತೋಟದಿಂದ ಹೊರಗ ಹಾಕೋ ಮೊದಲ ದೇವರು ಸೈತ ಅವನ್ನ ಕರದು ಕೇಳಿದ್ದ ಅಂತ. ದೇವರಿಗೇ ಇಲ್ಲದ ಅಧಿಕಾರ ವಿಶ್ವವಿದ್ಯಾಲಯಕ್ಕ ಎಲ್ಲಿಂದ ಬಂತು!

ಹಕ್ಕು ಸರ್ಕಾರ ಕೊಟ್ಟದ್ದಲ್ಲ ಅಂತೀರಿ, ಹಂಗಾರ ಯಾರು ಕೊಟ್ಟಾರ?

ಇದು ಪುಸ್ತಕದ ಪ್ರಶ್ನಿ ಅಲ್ಲ, ನಮ್ಮ ದೇಶದಾಗ ಜನ ಜೈಲಿನ್ಯಾಗ ಕುಂತಾಗ ಎದ್ದ ಪ್ರಶ್ನಿ. 1975ರ ಜೂನ್ 25ಕ್ಕ ತುರ್ತು ಪರಿಸ್ಥಿತಿ ಬಂತು. ಜೀವ, ಸ್ವಾತಂತ್ರ್ಯ ಕಾಯೋ ಸಂವಿಧಾನದ 21ನೇ ವಿಧಿ ಹಿಡಕೊಂಡು ಕೋರ್ಟಿಗೆ ಹೋಗಬಾರದು ಅಂತ ಆದೇಶ ಆತು. ವಿಚಾರಣಾ ಇಲ್ಲದ ಜೈಲಿಗೆ ಹಾಕಿದವರು ಬಿಡುಗಡಿ ಕೇಳಿದ್ದು ಸುಪ್ರೀಂ ಕೋರ್ಟಿಗೆ ಬಂದಾಗ, ಎಡಿಎಂ ಜಬಲ್ಪುರ ಅನ್ನೋ ಆ ಕೇಸಿನ್ಯಾಗ ಜಸ್ಟಿಸ್ ಎಚ್.ಆರ್. ಖನ್ನಾ ಅವರು ಕೇಳಿದ್ರು, ಪೊಲೀಸಾಂವ ದ್ವೇಷದಿಂದ ಒಬ್ಬನ್ನ ಕೊಂದ್ರೂ ಪರಿಹಾರ ಇಲ್ಲೇನು ಅಂತ. ತುರ್ತು ಪರಿಸ್ಥಿತಿ ಇರೋತನಕ ಇಲ್ಲ ಅಂತ ಅಟಾರ್ನಿ ಜನರಲ್ ಒಪ್ಪಿಕೊಂಡ್ರು. 1976ರ ಏಪ್ರಿಲ್ 28ಕ್ಕ ನಾಕು ಮಂದಿ ಜಡ್ಜ್ ಸರ್ಕಾರದ ಕಡೆ, ಖನ್ನಾ ಒಬ್ಬರ ಆ ಕಡೆ. ಬದುಕೋ ಹಕ್ಕಿಗೆ 21ನೇ ವಿಧಿ ಒಂದ ಆಸರಾ ಅಲ್ಲ, ಅದು ಬರೀದಿದ್ರೂ ಕಾನೂನಿನ ರಾಜ್ಯದಾಗ ಮನಷ್ಯಾನ ಜೀವಾ ಹಂಗ ತಗೊಳ್ಳಾಕ ಬರಂಗಿಲ್ಲ ಅಂದ್ರು. ಮುಂದ 1977ರಾಗ ಅವರನ್ನ ಬಿಟ್ಟು ಕಿರಿಯರನ್ನ ಮುಖ್ಯ ನ್ಯಾಯಮೂರ್ತಿ ಮಾಡಿದ್ರು, ಅವರು ರಾಜೀನಾಮಿ ಕೊಟ್ರು. 2017ರ ಆಗಸ್ಟ್ 24ಕ್ಕ ಒಂಬತ್ತು ಜಡ್ಜರ ಪೀಠ ಜಬಲ್ಪುರ ತೀರ್ಪು ತಪ್ಪು ಅಂತ ತಗದು ಹಾಕ್ತು. ಈ 2017ರ ತೀರ್ಪಿನ ಕೇಸು ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಪುಟ್ಟಸ್ವಾಮಿ ಅವರು, ಮರೀಬ್ಯಾಡ್ರಿ. ಜೀವ, ಸ್ವಾತಂತ್ರ್ಯ ಸಂವಿಧಾನ ಹುಟ್ಟಿಸಿದ್ದಲ್ಲ, ಸಂವಿಧಾನ ಗುರುತಿಸಿದ್ದು ಅಷ್ಟ, ಅಂತ ಅದರಾಗ ಬಂತು.

ಸಂವಿಧಾನ ಹುಟ್ಟಿಸಲಿಲ್ಲ ಅಂದ್ರ ಯಾರು ಹುಟ್ಟಿಸಿದ್ರು? ತೀರ್ಪಿನ್ಯಾಗ ದೇವರು ಅಂತ ಉತ್ತರ ಇಲ್ಲ, ಮನಷ್ಯಾನ ಘನತಿ ಅಂತ ಐತಿ. ಆ ಘನತಿ ಎಲ್ಲಿಂದ ಬಂತು ಅಂತ ಕೇಳಿದ್ರ ಮುಂದಿನ ಪ್ರಶ್ನಿ ಎಲ್ಲಾ ಸುರು ಆಗತಾವ.

ದೇವರು ಈ ವಿಚಾರದಾಗ ಯಾವಾಗ ಬಂದ? ಮೊದಲಿಂದ ಇದ್ನೇನು?

ಇದ್ದ. ಗ್ರೀಕ್ ನಾಟಕದಾಗ ಅಂತಿಗೊನೆ ಅನ್ನೋ ಹುಡುಗಿ ರಾಜನ ಆಜ್ಞಾ ಮೀರಿ ಅಣ್ಣನ ಹೆಣಕ್ಕ ಮಣ್ಣು ಕೊಡ್ತಾಳ, ನಿನ್ನ ಆಜ್ಞಾಕ್ಕಿಂತ ದೇವರು ಬರೀದ ಇಟ್ಟ ಕಾನೂನು ದೊಡ್ಡದು ಅಂತ ಹೇಳ್ತಾಳ. ರೋಮಿನ ಸಿಸೆರೋ, ಅವನೂ ವಕೀಲನ ನೋಡ್ರಿ, ಖರೇ ಕಾನೂನು ಅಂದ್ರ ಸರಿಯಾದ ಬುದ್ಧಿ, ರೋಮಿಗೊಂದು ಅಥೆನ್ಸಿಗೊಂದು ಇರಂಗಿಲ್ಲ, ಅದನ್ನ ಮಾಡಿದಾಂವ ದೇವರು ಅಂದ. 13ನೇ ಶತಮಾನದಾಗ ಥಾಮಸ್ ಅಕ್ವಿನಾಸ್ ಅನ್ನೋ ಕ್ರೈಸ್ತ ಪಂಡಿತ ಇದನ್ನ ಒಂದ ಚೌಕಟ್ಟಿನ್ಯಾಗ ಕುಂದ್ರಿಸಿದ: ಜಗತ್ತು ನಡಸೋ ದೇವರ ಯೋಜನಿ ಶಾಶ್ವತ ಕಾನೂನು, ಬುದ್ಧಿ ಇರೋ ಮನಷ್ಯಾ ಅದರಾಗ ಪಾಲು ತಗೊಂಡ್ರ ಅದ ನ್ಯಾಚುರಲ್ ಲಾ, ರಾಜ ಮಾಡೋದು ಮಾನವ ಕಾನೂನು, ಧರ್ಮಗ್ರಂಥದಾಗ ಹೇಳಿದ್ದು ದೈವಿಕ ಕಾನೂನು. ನ್ಯಾಚುರಲ್ ಲಾ ಮತ್ತ ದೈವಿಕ ಕಾನೂನು ಬ್ಯಾರೆ ಬ್ಯಾರೆ ಅಂತ ಅವನ ಹೇಳ್ಯಾನ, ಪರೀಕ್ಷಾದಾಗ ಅರ್ಧ ಹುಡುಗರು ಇದನ್ನ ಕಲಸ್ತಾರ.

ಆದ್ರ ಅಕ್ವಿನಾಸ್ ಕಾನೂನಿನ ಬಗ್ಗೆ ಹೇಳ್ಯಾನ, ಇಂದಿನ ಅರ್ಥದಾಗ "ಇದು ನನ್ನ ಹಕ್ಕು" ಅನ್ನೋ ಮಾತು ಅವನಲ್ಲಿ ಮುಖ್ಯ ಅಲ್ಲ. ಕಾನೂನಿನಿಂದ ಹಕ್ಕಿಗೆ ಹೊಳ್ಳಿದ್ದು ಯಾವಾಗ ಅಂತ ಪಂಡಿತರೊಳಗ ಈಗೂ ಜಗಳ ಐತಿ. ಬ್ರಯನ್ ಟೀರ್ನಿ ಅನ್ನೋ ಇತಿಹಾಸಕಾರ 12ನೇ ಶತಮಾನದ ಚರ್ಚ್ ಕಾನೂನಿನ ವ್ಯಾಖ್ಯಾನಕಾರರೊಳಗ ಬೇರು ತೋರಿಸ್ಯಾನ.

ದೇವರನ್ನ ನಂಬದವರಿಗೆ ಹಕ್ಕ ಇಲ್ಲೇನು ಹಂಗಾರ? ನಾ ನಾಸ್ತಿಕ ಅದೇನಿ

ಇದ್ದ ಇರತಾವ, ಚಿಂತಿ ಮಾಡಬ್ಯಾಡ ತಮ್ಮಾ. ಇಲ್ಲಿ ಮೂರು ಪ್ರಶ್ನಿ ಬ್ಯಾರೆ ಮಾಡಕೋಬೇಕು, ಇವನ್ನ ಕಲಸಿದ್ದಕ್ಕನ ಅರ್ಧ ಜಗಳ. ಹಕ್ಕು ಐತಿ ಅಂತ ತಿಳಿಯೋದು ಹೆಂಗ? ಹಕ್ಕು ಇರೋದು ಯಾತರಿಂದ? ಅದು ನನ್ನ ಕಟ್ಟಿಹಾಕೋದು ಯಾಕ? ತಿಳಿಯಾಕ ದೇವರ ನಂಬಿಕಿ ಬೇಕಿಲ್ಲ, ಬುದ್ಧಿ ಸಾಕು ಅಂತ ಅಕ್ವಿನಾಸ್ ಸೈತ ಹೇಳ್ತಾನ. ನಳದ ನೀರು ನೀರಸಾಗರ ಕೆರಿಯಿಂದ ಬಂತೋ ಮಲಪ್ರಭಾ ಹೊಳಿಯಿಂದ ಬಂತೋ ಗೊತ್ತಿಲ್ಲಂದ್ರೂ ಕುಡದ್ರ ನೀರಡಿಕಿ ಹೋಗತೈತಿ. ಎರಡನೇದು, ಮೂರನೇದು ಮಾತ್ರ ಖರೇ ಕುಸ್ತಿ.

ಹಂಗಂತ ಎಲ್ಲಾರೂ ಇಷ್ಟ ಉದಾರ ಇರಲಿಲ್ಲ. ಸಹಿಷ್ಣುತಾ ಬಗ್ಗೆ ಅಷ್ಟ ಚಂದ ಬರದ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ನಾಸ್ತಿಕರನ್ನ ಮಾತ್ರ ಸಹಿಸಬಾರದು ಅಂದ, ದೇವರ ಅಂಜಿಕಿ ಇಲ್ಲದವರ ಆಣಿ-ಪ್ರಮಾಣ ನಂಬಾಕ ಬರಂಗಿಲ್ಲ ಅನ್ನೋದು ಅವನ ಕಾರಣ. ನನ್ನ ವಕೀಲಕಿ ಅನುಭವದಾಗ ದೇವರ ಮ್ಯಾಲ ಪ್ರಮಾಣ ಮಾಡಿ ಸುಳ್ಳ ಹೇಳೋರನ್ನ ಸಾಕಷ್ಟ ನೋಡೇನಿ, ಲಾಕ್ ಒಂದ ದಿನ ಬಂದು ಸಾಕ್ಷಿಕಟಕಟಿ ಮುಂದ ಕುಂತಿದ್ರ ಚಲೋ ಇತ್ತು.

ಸ್ವಲ್ಪ ಓದಿದೋರು ಕೇಳಿದ್ದು

ಗ್ರೋಶಿಯಸ್ ದೇವರನ್ನ ತಗದ ಹಾಕಿದ ಅಂತ ನೋಟ್ಸಿನ್ಯಾಗ ಐತಿ, ಖರೇನ?

ಆ ನೋಟ್ಸ್ ಬರದವರು ವಾಕ್ಯ ಪೂರ್ತಿ ಓದಿಲ್ಲ. ಡಚ್ ಕಾನೂನು ಪಂಡಿತ ಗ್ರೋಶಿಯಸ್ 1625ರ ಪುಸ್ತಕದ ಪೀಠಿಕ್ಯಾಗ ಬರದದ್ದು: ದೇವರಿಲ್ಲ, ಇಲ್ಲಾ ಮನಷ್ಯಾರ ವ್ಯವಹಾರದ ಗೊಡವಿ ಅವನಿಗಿಲ್ಲ ಅಂತ ಒಪ್ಪಿದ್ರೂ, ಹಂಗ ಒಪ್ಪೋದು ಮಹಾಪಾಪ ಖರೆ, ನಾವು ಹೇಳಿದ್ದಕ್ಕ ಒಂದಿಷ್ಟು ಬಲ ಇದ್ದ ಇರತೈತಿ. ನಡುವಿನ ಆ "ಮಹಾಪಾಪ" ನುಂಗಿದ್ರ ಗ್ರೋಶಿಯಸ್ ನಾಸ್ತಿಕ ಆಗತಾನ. ಅಂವಾ ದೇವರನ್ನ ನಂಬಿದಾಂವ, ಧರ್ಮದ ಜಗಳದಾಗ ಜೀವಾವಧಿ ಶಿಕ್ಷಾ ಆಗಿ, 1621ರಾಗ ಪುಸ್ತಕದ ಪೆಟ್ಟಿಗಿಯೊಳಗ ಮಡಚಿ ಕುಂತು ಸೆರಿ ಇಟ್ಟ ಕೋಟೆಯಿಂದ ಪಾರಾದಾಂವ. ಹೆಂಡ್ತಿ ಮರಿಯಾ ಮಾಡಿದ ಉಪಾಯ ಅದು, ಪುಸ್ತಕ ಓದೋರ ಹೆಂಡ್ರಿಗೆ ಒಮ್ಮೊಮ್ಮೆ ಅದರಿಂದ ಉಪಯೋಗನೂ ಆಗತೈತಿ!

ಈ "ದೇವರಿಲ್ಲದಿದ್ರೂ" ಅನ್ನೋ ಮಾತೂ ಅವಂದ ಹೊಸಾದಲ್ಲ, 14ನೇ ಶತಮಾನದ ಗ್ರೆಗರಿ ಆಫ್ ರಿಮಿನಿ ಅನ್ನೋ ಸನ್ಯಾಸಿನ ಅಂಥಾದ್ದು ಹೇಳಿದ್ದ. ಗ್ರೋಶಿಯಸ್‌ಗೆ ಇದು ಯಾಕ ಬೇಕಾತು ಅಂದ್ರ, ಕ್ಯಾಥೊಲಿಕ್-ಪ್ರಾಟೆಸ್ಟೆಂಟ್ ಯುರೋಪ್ ತುಂಬ ಕಡದಾಡೋ ಹೊತ್ತಿನ್ಯಾಗ ನಿನ್ನ ದೇವರು ಹೇಳಿದ್ದು, ನನ್ನ ದೇವರು ಹೇಳಿದ್ದು ಅಂತ ಕುಂತ್ರ ಒಪ್ಪಂದ ಆಗತಿರಲಿಲ್ಲ. ನಮ್ಮ ಕಡೆ ಹೊಲದ ತಕರಾರಿನ್ಯಾಗ ಎರಡೂ ಪಾರ್ಟಿಯವರ ಮನಿದೇವರು ಬ್ಯಾರೆ ಇದ್ರೂ ಸರ್ವೇ ನಂಬರ್ ಒಂದ ಇರತೈತಲ್ಲ, ಹಂಗ.

ದೇವರು ಹೇಳಿದ್ದಕ್ಕ ಅದು ಸರಿನೋ, ಸರಿ ಇದ್ದದ್ದಕ್ಕ ದೇವರು ಹೇಳಿದ್ನೋ?

ಗದಗಿನ ಒಬ್ಬ ಅಕ್ಕಾರು ಇದನ್ನ ತಾವ ಯೋಚನಿ ಮಾಡಿ ಕೇಳ್ಯಾರ, ಪ್ಲೇಟೋನ ಹೆಸರ ಸೈತ ಅವರಿಗೆ ಗೊತ್ತಿರಲಿಲ್ಲ. ಪ್ಲೇಟೋ ಬರದ ಸಂವಾದದಾಗ ಸಾಕ್ರಟಿಸ್ ಯೂಥಿಫ್ರೋ ಅನ್ನಾಂವಗ ಕೇಳಿದ್ದು ಇದನ್ನ. ದೇವರು ಹೇಳಿದ್ದಕ್ಕನ ಸರಿ ಅಂದ್ರ ನಾಳೆ ಅಂವಾ ಕೊಲ್ಲು ಅಂದ್ರ ಕೊಲೆನೂ ಸರಿ ಆಗಬೇಕು, ಅಂಥಾ ದೇವರು ಗೌಡಕಿ ಮಾಡಿದಂಗಾತು. ಮೊದಲ ಸರಿ ಇತ್ತು, ದೇವರು ತೋರಿಸಿದ ಅಷ್ಟ ಅಂದ್ರ, ಆ ಸರಿ ದೇವರಿಗಿಂತ ಮ್ಯಾಲ ಕುಂತಂಗಾತು, ಅವನ ಕೆಲಸ ಬರೇ ಪೋಸ್ಟ್‌ಮನ್ನಂದು.

ಅಕ್ವಿನಾಸ್‌ನ ದಾರಿ ನಡುವಿಂದು. ದೇವರ ಬುದ್ಧಿ ಬ್ಯಾರೆ, ಒಳ್ಳೇತನ ಬ್ಯಾರೆ ಅಲ್ಲ, ಒಳ್ಳೇದು ಅವನ ಸ್ವಭಾವದಾಗನ ಐತಿ, ಮನಷ್ಯಾನ್ನ ಇಂಥಾ ಸ್ವಭಾವದಾಂವ ಅಂತ ಮಾಡಿದ ಮ್ಯಾಲ ಮನಷ್ಯಾಗ ಯಾವುದು ಒಳ್ಳೇದು ಅನ್ನೋದು ಅಲ್ಲಿಗೇ ಠರಾವು ಆಗಿ ಹೋತು, ದಿನಾ ಬೆಳಗಾದ್ರ ಆಜ್ಞಾ ಹೊಂಡಸೋ ಜರೂರ ಇಲ್ಲ. 1672ರಾಗ ಪುಫೆಂಡಾರ್ಫ್ ಅನ್ನೋ ಜರ್ಮನ್ ಕಾನೂನು ಪಂಡಿತ ಒಪ್ಪಲಿಲ್ಲ: ಮ್ಯಾಲಿನಾಂವ ಒಬ್ಬ ಇಲ್ಲದ ಕಾನೂನು ಅನ್ನೋದ ಇಲ್ಲ, ಬುದ್ಧಿ ಸಲಹೆ ಕೊಡಬಹುದು, ಕಟ್ಟಿಹಾಕಾಕ ಬರಂಗಿಲ್ಲ ಅಂದ. ಈ ಮಾತು ನೆನಪಿಟಗೋರಿ, ಕೆಳಗ ಮತ್ತ ಬರತೈತಿ.

ನಾವು ದೇವರ ಆಸ್ತಿ ಅಂತ ಲಾಕ್ ಹೇಳ್ತಾನ, ಹಂಗಾದ್ರ ಹಕ್ಕು ನಮ್ಮದೋ ಅವಂದೋ?

ಲಾವಣಿ ಹೊಲ ಮಾಡಿದವರಿಗೆ ಇದು ಲಗೂನ ತಿಳೀತೈತಿ. ಹೊಲ ಮಾಲೀಕಂದು, ಬಿತ್ತಿ ಬೆಳಕೊಂಡು ತಿನ್ನೋ ಹಕ್ಕು ನಿಂದು, ಆದ್ರ ಮಣ್ಣು ತಗದು ಇಟ್ಟಂಗಿ ಭಟ್ಟಿಗೆ ಮಾರೋ ಹಕ್ಕು ನಿಂದಲ್ಲ, ಬಾಜು ಹೊಲದಾಂವ ಬಂದು ತುಳಿಯೋ ಹಕ್ಕಂತೂ ಇಲ್ಲ. ಲಾಕ್‌ನ ವಾದ ಹಂಗ ಐತಿ: ಮನಷ್ಯಾರೆಲ್ಲಾ ಒಬ್ಬ ಕರ್ತನ ಕೈಕೆಲಸ, ಅದಕ್ಕ ಯಾರೂ ಇನ್ನೊಬ್ಬರ ಜೀವ, ಸ್ವಾತಂತ್ರ್ಯ, ಆಸ್ತಿಗೆ ಕೈ ಹಾಕಬಾರದು, ತನ್ನ ಜೀವಾನೂ ತಾನ ಕಳಕೋಬಾರದು, ತನ್ನ ತಾನ ಗುಲಾಮಗಿರಿಗೆ ಮಾರಕೋಬಾರದು. ಇದರ ಲಾಭ ದೊಡ್ಡದು. ನಾ ಒಪ್ಪಿ ಕೊಟ್ರೂ ರಾಜ ನನ್ನ ಪೂರ್ತಿ ನುಂಗಾಕ ಬರಂಗಿಲ್ಲ, ಯಾಕಂದ್ರ ಕೊಡಾಕ ಅದು ನಂದ ಅಲ್ಲ. ಮಾರಾಕ ಬಾರದ ಹಕ್ಕು ಅನ್ನೋ ಮಾತಿನ ಬೇರು ಇಲ್ಲೈತಿ. 1776ರ ಅಮೆರಿಕಾ ಘೋಷಣೆಯೊಳಗ ಸೃಷ್ಟಿಕರ್ತ ಕೊಟ್ಟ ಬಿಟ್ಟುಕೊಡಲಾಗದ ಹಕ್ಕು ಅಂತ ಬರೋದು, 1789ರ ಫ್ರೆಂಚರು ಪರಮಶಕ್ತಿಯ ಸಮಕ್ಷಮ ಅಂತ ಬರದದ್ದು, ಎರಡೂ ಈ ಕಾಲದ ಮಾತು.

ನಷ್ಟ ಏನು? ಮಾಲೀಕನ್ನ ತಗದ್ರ ವಾದದ ಅರ್ಧ ಗ್ವಾಡಿ ಬೀಳತೈತಿ. ಮತ್ತ ನನ್ನ ಕೊಂದ್ರ ಅನ್ಯಾಯ ಆಗೋದು ನನಗೋ ಮಾಲೀಕಗೋ ಅನ್ನೋ ಪ್ರಶ್ನಿಗೆ ಈ ವಾದ ಸಮಾಧಾನ ಹೇಳಂಗಿಲ್ಲ. ನನಗ ಅನಿಸೋದು, ಹಕ್ಕು ಅಂದ ಮ್ಯಾಲ ಅನ್ಯಾಯ ಮೊದಲ ನನಗ ಆಗಬೇಕು.

ವಿಶ್ವಸಂಸ್ಥೆ ಮಾನವ ಹಕ್ಕು ಘೋಷಣೆಯೊಳಗ ದೇವರ ಹೆಸರು ಯಾಕಿಲ್ಲ? ಯಾರು ಬ್ಯಾಡ ಅಂದ್ರು?

ಹೆಸರು ಹಾಕಬೇಕು ಅಂತ ಬ್ರೆಜಿಲ್‌ನವರು ಕೇಳಿದ್ರು, ಮನಷ್ಯಾ ದೇವರ ಪ್ರತಿರೂಪ ಅಂತ ಬರೀರಿ ಅಂತ. ನೆದರ್‌ಲ್ಯಾಂಡ್ಸ್‌ನವರೂ ಅಂಥಾದ್ದೊಂದು ಸೂಚನಾ ತಂದ್ರು. ಇನ್ನೊಂದು ಕಡೆ "ನಿಸರ್ಗದಿಂದ ಬುದ್ಧಿ, ಆತ್ಮಸಾಕ್ಷಿ ಪಡದಾರ" ಅಂತ ಕರಡಿನ್ಯಾಗ ಇತ್ತು, ಅದರಾಗಿನ "ನಿಸರ್ಗದಿಂದ" ಸೈತ ತಗದ್ರು. ಚೀನಾದ ಪಿ.ಸಿ. ಚಾಂಗ್ ಅವರ ವಾದ ಏನಿತ್ತಂದ್ರ, ದೇವರೂ ಬ್ಯಾಡ ನಿಸರ್ಗನೂ ಬ್ಯಾಡ, ಓದೋರು ತಮ್ಮ ತಮ್ಮ ನಂಬಿಕಿ ತಾವ ತುಂಬಕೊಳ್ಳಲಿ. ಅವರ ಎದುರಿಗೆ ಲೆಬನಾನಿನ ಚಾರ್ಲ್ಸ್ ಮಲಿಕ್ ಕುಂತಿದ್ರು, ಅಕ್ವಿನಾಸ್‌ನ ವಿಚಾರ ಮೆಚ್ಚಿದವರು. ನಮ್ಮ ಹಂಸಾ ಮೆಹ್ತಾ ಅವರು "ಎಲ್ಲಾ ಪುರುಷರು" ಅನ್ನೋ ಅರ್ಥ ಬರೋ ಪದ ಬದಲಿಸಿ "ಎಲ್ಲಾ ಮಾನವರು" ಮಾಡಿಸಿದ್ರು, ಇದು ಶಾಲಿ ಪುಸ್ತಕದಾಗ ದೊಡ್ಡ ಅಕ್ಷರದಾಗ ಇರಬೇಕಿತ್ತು.

1948ರ ಡಿಸೆಂಬರ್ 10, ಪ್ಯಾರಿಸ್: 48 ದೇಶ ಪರ, ವಿರೋಧ ಒಂದೂ ಇಲ್ಲ, 8 ತಟಸ್ಥ. ಜಾಕ್ ಮಾರಿಟೇನ್ ಅನ್ನೋ ಫ್ರೆಂಚ್ ಕ್ಯಾಥೊಲಿಕ್ ತತ್ವಜ್ಞಾನಿ ಆಗ ಹೇಳಿದ ಮಾತು ಈಗೂ ಓಡಾಡತೈತಿ: ಹಕ್ಕುಗಳ ಪಟ್ಟಿ ನಾವೆಲ್ಲಾ ಒಪ್ಪತೀವಿ, ಯಾಕ ಅಂತ ಮಾತ್ರ ಯಾರೂ ಕೇಳಬಾರದು. ತಮಾಷೆ ಏನಂದ್ರ ಅಂವಾ ಸ್ವತಃ ದೇವರಿಲ್ಲದ ಹಕ್ಕು ನಿಲ್ಲಂಗಿಲ್ಲ ಅನ್ನೋ ಪಕ್ಷದಾಂವ.

ನಮ್ಮ ಸಂವಿಧಾನ ಬರಿಯೋ ಮುಂದ ದೇವರ ಹೆಸರ ಮ್ಯಾಲ ವೋಟ್ ಆಗಿತ್ತಂತ, ಹೌದೇನ್ರಿ?

ಹೌದು. 1949ರ ಅಕ್ಟೋಬರ್ 17. ಪ್ರಸ್ತಾವನೆ "ದೇವರ ಹೆಸರಿನಲ್ಲಿ" ಅಂತ ಸುರು ಆಗಬೇಕು ಅಂತ ಸಂವಿಧಾನ ಸಭೆಯೊಳಗ ಎಚ್.ವಿ. ಕಾಮತ್ ಅನ್ನೋ ಸದಸ್ಯರು ತಿದ್ದುಪಡಿ ತಂದ್ರು. ದೇವರನ್ನ ವೋಟಿಗೆ ಹಾಕೋ ಮುಜುಗರ ನಮಗ ತರಬ್ಯಾಡ್ರಿ ಅಂತ ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡ್ರು. ನಂಬೋದು ಬಿಡೋದು ಪ್ರತಿಯೊಬ್ಬರ ಸ್ವಾತಂತ್ರ್ಯ ಅಂತ ಅದ ಪ್ರಸ್ತಾವನೆಯೊಳಗ ಬರದು, ಮ್ಯಾಲ ಒಂದ ನಂಬಿಕಿ ಹೇರೋದು ಹೆಂಗ ಅಂತ ಕುಂಜ್ರು ಕೇಳಿದ್ರು. ಕಾಮತ್ ಹಿಂದ ಸರೀಲಿಲ್ಲ. 41 ಪರ, 68 ವಿರೋಧ. ವಿರೋಧ ಮಾಡಿದವರೊಳಗ ದೈವಭಕ್ತರೂ ಇದ್ರು ಅನ್ನೋದು ಇದರಾಗಿನ ರಸ.

ಪೂರ್ತಿ ಹೊರಗ ಹಾಕಿಲ್ಲ ಮತ್ತ. ಮೂರನೇ ಅನುಸೂಚಿ ಪ್ರಮಾಣವಚನದಾಗ ದೇವರ ಹೆಸರಿನ್ಯಾಗರೇ ಮಾಡ್ರಿ, ಇಲ್ಲಾ ಸತ್ಯನಿಷ್ಠೆಯಿಂದರೇ ಮಾಡ್ರಿ ಅಂತ ಎರಡೂ ದಾರಿ ಇಟ್ಟಾರ. 1949ರ ಜರ್ಮನಿ ಸಂವಿಧಾನ ದೇವರ ಮುಂದಿನ ಹೊಣೆ ಅರಿತು ಅಂತ ಸುರು ಆಗತೈತಿ, ಮೊದಲನೇ ವಿಧಿ ಮಾತ್ರ ಮನಷ್ಯಾನ ಘನತಿ.

ನಮ್ಮ ಕಡೆಯಿಂದ ಬಂದ ಆಕ್ಷೇಪಣಾ

ಇದೆಲ್ಲಾ ಫಾರೆನ್ ಸರಕು. ನಮ್ಮ ಧರ್ಮ ಅನ್ನೋದು ನ್ಯಾಚುರಲ್ ಲಾನ ಅದ ಅಲ್ಲೇನು?

ಹತ್ರ ಐತಿ, ಅದ ಅಲ್ಲ. ಒಂದ ಮಾತು ಮಾತ್ರ ನಮ್ಮವರು ಭಾಳ ಜೋರಾಗಿ ಹೇಳ್ಯಾರ, ಯುರೋಪಿನವರು ಗ್ರೋಶಿಯಸ್ ತನಕ ಅಂಜಕೊಂಡು ಹೇಳಿದ್ದು: ಧರ್ಮಕ್ಕ ಸೃಷ್ಟಿಕರ್ತ ಬೇಕ ಅಂತಿಲ್ಲ. ವೇದದ ವಿಧಿಗಳ ಅರ್ಥ ಬಿಡಿಸೋ ಮೀಮಾಂಸಕರ ಪ್ರಕಾರ ವೇದ ಅಪೌರುಷೇಯ, ಯಾರೂ ಬರದದ್ದಲ್ಲ, ದೇವರೂ ಬರದದ್ದಲ್ಲ, ಆದ್ರೂ ಅದರ ವಿಧಿ ಕಟ್ಟಿಹಾಕತೈತಿ. ಅವರೊಳಗಿನ ಕುಮಾರಿಲ ಭಟ್ಟ ಸೃಷ್ಟಿಕರ್ತ ಅನ್ನೋ ವಾದನ ಖಂಡನಾ ಮಾಡ್ಯಾನ. ಜೈನರದ್ದೂ ಹಂಗ. ಗದಗದಿಂದ ಸನೇದಾಗ ಲಕ್ಕುಂಡಿಗೆ ಹೋಗ್ರಿ, ಅತ್ತಿಮಬ್ಬೆ 1007ರಾಗ ಕಟ್ಟಿಸಿದ ಬ್ರಹ್ಮ ಜಿನಾಲಯ ಐತಿ, ಆ ಬಸದಿ ಕಟ್ಟಿಸಿದವರ ಧರ್ಮದಾಗ ಜಗತ್ತು ಮಾಡಿದ ದೇವರು ಯಾರೂ ಇಲ್ಲ, ಅಹಿಂಸಾ ಮಾತ್ರ ಎಲ್ಲಾಕ್ಕಿಂತ ಮ್ಯಾಲೈತಿ. ಬಸವಣ್ಣ ಇದಕ್ಕ ಎದುರು ದಿಕ್ಕಿನಿಂದ ಬರತಾನ, ಅವನಿಗೆ ಕೂಡಲಸಂಗಮದೇವ ಇಲ್ಲದ ಮಾತ ಇಲ್ಲ, ಆದ್ರೂ ಧರ್ಮದ ಮೂಲ ಯಾವುದಂದ್ರ ದಯೆ ಅಂತಾನ.

ಆದ್ರ ಧರ್ಮ ಬಹಳಷ್ಟು ಕಡೆ ಕರ್ತವ್ಯದ ಭಾಷಾ, ಅದೂ ವರ್ಣ, ಆಶ್ರಮ ನೋಡಿ ಹಂಚಿದ್ದು. ಮನುಸ್ಮೃತಿಯ ಹತ್ತನೇ ಅಧ್ಯಾಯದಾಗ ಅಹಿಂಸಾ, ಸತ್ಯ, ಕಳವು ಮಾಡದಿರೋದು ಎಲ್ಲಾ ವರ್ಣಕ್ಕೂ ಸಮಾನ ಧರ್ಮ ಅಂತ ಐತಿ, ಅದ ಪುಸ್ತಕದಾಗ ಒಂದ ತಪ್ಪಿಗೆ ಜಾತಿ ನೋಡಿ ಬ್ಯಾರೆ ಬ್ಯಾರೆ ಶಿಕ್ಷಾನೂ ಐತಿ. ಮೊದಲಿಂದನ್ನಷ್ಟ ಓದಿ ಪುಸ್ತಕ ಮುಚ್ಚಿಟ್ರ ಆಗಂಗಿಲ್ಲ.

ದೇವರ ಹೆಸರ ಮ್ಯಾಲನ ಅಲ್ರಿ ಅನ್ಯಾಯ ಆಗಿದ್ದು? ಮತ್ತ ಅವನ್ನ ಹಕ್ಕಿನ ಮಾಲೀಕ ಮಾಡ್ತೀರೇನು?

ಈ ಆಕ್ಷೇಪಣಾಕ್ಕ ನಾ ಅರ್ಧ ಶರಣಾಗೇನಿ. 1927ರ ಡಿಸೆಂಬರ್ 25ಕ್ಕ ಮಹಾಡ್‌ನ್ಯಾಗ ಅಂಬೇಡ್ಕರ್ ಅವರ ಸತ್ಯಾಗ್ರಹದಾಗ ಮನುಸ್ಮೃತಿ ಸುಟ್ರು. ಜಾತಿ ಉಳಿದದ್ದು ಶಾಸ್ತ್ರಕ್ಕ ದೈವಿಕ ಅಧಿಕಾರ ಐತಿ ಅನ್ನೋ ನಂಬಿಕಿಯಿಂದ, ಆ ಅಧಿಕಾರ ಮುರೀದ ಜಾತಿ ಹೋಗಂಗಿಲ್ಲ ಅನ್ನೋದು ಅವರ ವಾದ. ನೀರು ಮುಟ್ಟೋ ಹಕ್ಕು ಕೇಳಿದವನಿಗೆ "ದೇವರು ಹಂಗ ಮಾಡ್ಯಾನ" ಅಂತ ಉತ್ತರ ಕೊಟ್ಟ ನಾಡಿನ್ಯಾಗ ದೇವರಿಂದನ ಹಕ್ಕು ಅನ್ನೋರು ಸ್ವಲ್ಪ ತಗ್ಗಿ ಮಾತಾಡಬೇಕು.

ಉಳಿದ ಅರ್ಧ ಯಾಕ ಶರಣಾಗಿಲ್ಲ ಅಂದ್ರ, 1550-51ರಾಗ ಸ್ಪೇನಿನ ವಾಯಡೊಲಿಡ್‌ನ್ಯಾಗ ಅಮೆರಿಕಾದ ಮೂಲನಿವಾಸಿಗಳ ಮ್ಯಾಲ ಯುದ್ಧ ಮಾಡೋದು ನ್ಯಾಯನೋ ಅಂತ ಚರ್ಚಾ ನಡೀತು. ಸೆಪುಲ್ವೆಡಾ ಅನ್ನೋ ಪಂಡಿತ, ಆ ಮೂಲನಿವಾಸಿಗಳು ಸ್ವಭಾವದಿಂದನ ಗುಲಾಮರು ಅಂತ ಹೇಳಾಕ ಅರಿಸ್ಟಾಟಲ್‌ನ ತಂದ. ಲಾಸ್ ಕಾಸಸ್ ಅನ್ನೋ ಪಾದ್ರಿ, ಮೊದಲ ತಾನೂ ಅಲ್ಲಿ ಜೀತದಾಳು ಇಟಗೊಂಡಾಂವ, ಪಶ್ಚಾತ್ತಾಪ ಆಗಿ ಬಿಟ್ಟಾಂವ, ಅವರೂ ನಮ್ಮಂಗ ಬುದ್ಧಿ ಇರೋ ಮನಷ್ಯಾರು ಅಂದ. ಇಬ್ಬರದೂ ಒಂದ ದೇವರು, ಒಂದ ನ್ಯಾಚುರಲ್ ಲಾ. "ಸ್ವಭಾವ" ಅನ್ನೋ ಪದದಿಂದನೂ ಸಂಕೋಲಿ ಮಾಡಬಹುದು, ದೇವರ ಹೆಸರು ತಗದ ಕೂಡಲೇ ಆ ಅಪಾಯ ಹೋಗಂಗಿಲ್ಲ.

ಕೆಟ್ಟ ಕಾನೂನು ಕಾನೂನ ಅಲ್ಲ ಅಂದ್ರ, ಹೆಲ್ಮೆಟ್ ಹಾಕೋದು ಬಿಡಬಹುದೇನ್ರಿ?

ಬಿಡಬ್ಯಾಡ, ತಲಿ ನಿಂದು. ಅನ್ಯಾಯದ ಕಾನೂನು ಕಾನೂನಲ್ಲ ಅನ್ನೋ ಹಳೇ ಕ್ರೈಸ್ತ ಗುರು ಅಗಸ್ಟೀನ್‌ನ ಮಾತನ್ನ ಅಕ್ವಿನಾಸ್ ಎತ್ತಿಕೊಂಡು, ಗದ್ದಲ ಆಗೋದಿದ್ರ ಕೆಲವೊಮ್ಮೆ ಅದನ್ನೂ ಪಾಲಿಸಬೇಕಾಗಬಹುದು ಅಂತ ಸೇರಿಸ್ಯಾನ. 1963ರಾಗ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಇದ ಅಕ್ವಿನಾಸ್‌ನ ಹೆಸರು ಹೇಳಿ ಬರದ, ಆದ್ರ ಮುರಿಯೋದಿದ್ರ ಬಹಿರಂಗ ಮುರೀಬೇಕು, ಶಿಕ್ಷಾ ಉಣ್ಣಾಕ ತಯಾರ ಇರಬೇಕು ಅಂದ. ಹಾವೇರಿ ಕಡೆಯವರಿಗೆ ಇದಕ್ಕ ಪುಸ್ತಕ ಬೇಕಿಲ್ಲ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪ 1930ರಾಗ ಗಾಂಧೀಜಿ ಜೋಡಿ ದಂಡಿಗೆ ನಡದ, 1943ರ ಏಪ್ರಿಲ್ 1ಕ್ಕ ಹೊಸರಿತ್ತಿಯೊಳಗ ಗುಂಡಿಗೆ ಎದಿ ಕೊಟ್ಟ.

ಆಳಕ್ಕ ಇಳಿಯೋರಿಗೆ

ಫಿನ್ನಿಸ್ ದೇವರ ಬಗ್ಗೆ ಕಡೇ ಅಧ್ಯಾಯದಾಗ ಬರದಾನಂತ, ಹಂಗಾರ ಅವನಿಗೆ ದೇವರು ಉಪ್ಪಿನಕಾಯಿ ಇದ್ದಂಗೇನು?

ಚಲೋ ಹೇಳಿದಿ! ನಮ್ಮ ಕಾಲದ ನ್ಯಾಚುರಲ್ ಲಾ ಪಂಡಿತ ಜಾನ್ ಫಿನ್ನಿಸ್‌ನ 1980ರ ಪುಸ್ತಕದಾಗ 13 ಅಧ್ಯಾಯ. ಜೀವ, ಜ್ಞಾನ, ಆಟ, ಸೌಂದರ್ಯದ ಅನುಭವ, ಸ್ನೇಹ, ವಿವೇಕದ ನಡತಿ, ಧರ್ಮ ಅಂತ ಏಳು ಮೂಲ ಒಳ್ಳೇದು ಇಟ್ಟು, ಅವುಗಳ ಮ್ಯಾಲ ಹಕ್ಕು ಕಟ್ಟಿ, ಹದಿಮೂರನೇದಾಗ ದೇವರಿಗೆ ಬರತಾನ. ಜ್ಞಾನ ಒಳ್ಳೇದು ಅಂತ ತಿಳಿಯಾಕ ದೇವರ ಪ್ರಶ್ನಿ ಎತ್ತೋದು ಬ್ಯಾಡ, ಆದ್ರ ಇದೆಲ್ಲಾ ಯಾಕ ಐತಿ ಅಂತ ಹಠ ಹಿಡದು ಕೇಳಿದ್ರ ಆ ಪ್ರಶ್ನಿ ಬಿಡಾಕ ಬರಂಗಿಲ್ಲ ಅನ್ನೋದು ಅವನ ಧೋರಣಿ. ಉಪ್ಪಿನಕಾಯಿ ಅಲ್ಲ, ಅಡಿಪಾಯ, ಆದ್ರ ಮನಿ ನೋಡಾಕ ಬಂದವರಿಗೆ ಅಡಿಪಾಯ ಅಗದು ತೋರಸೋ ಜರೂರ ಇಲ್ಲ ಅಂತಾನ.

ನಮ್ಮವ್ವಗ ನೆನಪು ಪೂರ್ತಿ ಹೋಗೇತಿ, ನನ್ನ ಗುರುತ ಹಿಡಿಯಂಗಿಲ್ಲ. ಬುದ್ಧಿಯಿಂದ ಹಕ್ಕು ಅಂದ್ರ ಆಕಿಗೆ ಏನ ಉಳೀತು?

ಈ ಪತ್ರ ಓದಿ ಎರಡ ದಿನ ಉತ್ತರ ಬರೀಲಿಲ್ಲ. ಇಲ್ಲೀತನಕ ಬಂದ ಎಲ್ಲಾ ವಾದಕ್ಕೂ ಇದು ಖರೇ ಪರೀಕ್ಷಾ.

1785ರಾಗ ಜರ್ಮನ್ ತತ್ವಜ್ಞಾನಿ ಕಾಂಟ್ ಮನಷ್ಯಾಗ ಬೆಲಿ ಕಟ್ಟಾಕ ಬರಂಗಿಲ್ಲ, ಘನತಿ ಐತಿ ಅಂದ, ಕಾರಣ ತನ್ನ ನಿಯಮ ತಾನ ಮಾಡಕೊಳ್ಳೋ ಬುದ್ಧಿ. ಆ ಬುದ್ಧಿನ ಕರಗಿ ಹೋದವರ ಗತಿ? ನ್ಯಾಚುರಲ್ ಲಾದವರು ಕೊಡೋ ಒಂದ ಉತ್ತರ ಏನಂದ್ರ, ಲೆಕ್ಕಕ್ಕ ಬರೋದು ಇವತ್ತಿನ ಸಾಮರ್ಥ್ಯ ಅಲ್ಲ, ಆಕಿ ಎಂಥಾ ಸ್ವಭಾವದ ಜೀವಿ ಅನ್ನೋದು. ನಿದ್ದಿ ಹತ್ತಿದಾಗ ನಾನೂ ವಿಚಾರ ಮಾಡಂಗಿಲ್ಲ, ಹಕ್ಕು ಹೋಗಂಗಿಲ್ಲ. ಆದ್ರ ನಿದ್ದಿಯಿಂದ ನಾ ಏಳತೇನಿ, ನಿಮ್ಮ ಅವ್ವ ಏಳಂಗಿಲ್ಲ, ಅಲ್ಲಿ ಈ ಉತ್ತರ ಸ್ವಲ್ಪ ಜಗ್ಗತೈತಿ.

ಅಮೆರಿಕಾದ ಕ್ರೈಸ್ತ ತತ್ವಜ್ಞಾನಿ ನಿಕೊಲಸ್ ವೋಲ್ಟರ್‌ಸ್ಟಾರ್ಫ್ 2008ರ ಪುಸ್ತಕದಾಗ ಇಲ್ಲೇ ಕೈ ಇಟ್ಟಾನ: ಸಾಮರ್ಥ್ಯ ನೋಡಿ ಬೆಲಿ ಕೊಟ್ರ ಯಾರೋ ಒಬ್ಬರು ಹೊರಗ ಉಳಿದ ಉಳೀತಾರ, ಎಲ್ಲಾ ಮನಷ್ಯಾರಿಗೂ ಸಮ ಬರೋದು ಒಂದ, ದೇವರು ಅವರನ್ನ ಪ್ರೀತಿ ಮಾಡ್ತಾನ ಅನ್ನೋದು. ಗುಡಿಯೊಳಗಿನ ಹಳೇ ಗಂಟಿ ಸಾದಾ ಹಿತ್ತಾಳಿ ಇರಬಹುದು, ಊರ ಮಂದಿ ತಲಿಮಾರಿನಿಂದ ಪ್ರೀತಿಯಿಂದ ಬಾರಿಸಿದ್ದಕ್ಕ ಅದನ್ನ ಮೋಡಕಾಕ್ಕ ಹಾಕಂಗಿಲ್ಲ. ಪ್ರೀತಿಯಿಂದನ ಬೆಲಿ ಬರೋದುಂಟು.

ಇದಕ್ಕ ಟೀಕಾಕಾರರ ತಿರುಗೇಟು: ದೇವರು ಸುಮ್ಮನ ಪ್ರೀತಿ ಮಾಡ್ತಾನೋ, ಪ್ರೀತಿ ಮಾಡುವಂಥದ್ದು ಆಕಿಯೊಳಗ ಏನರೇ ಐತೋ? ಐತಿ ಅಂದ್ರ ಹಕ್ಕು ಅದರಿಂದ ಬರಲಿ. ಇಲ್ಲಂದ್ರ ಗದಗಿನ ಅಕ್ಕಾರ ಹಳೇ ಪ್ರಶ್ನಿನ ಬ್ಯಾರೆ ಸೀರಿ ಉಟಗೊಂಡು ಬಂತು.

ನನಗ ಅನಿಸಿದ್ದು ಹೇಳ್ತೇನಿ ತಮ್ಮಾ. ಅವ್ವಗ ನಿನ್ನ ಗುರುತು ಸಿಗಂಗಿಲ್ಲ, ನಿನಗ ಆಕಿ ಗುರುತು ಐತಿ. ಆದ್ರ ಯಾರ ಗುರುತೂ ಇಲ್ಲದ, ಮಕ್ಕಳಿಲ್ಲದ ಮುದುಕಿ ಬಸ್‌ಸ್ಟ್ಯಾಂಡಿನ್ಯಾಗ ಮಲಗಿರತಾಳಲ್ಲ, ಆಕಿಗೂ ಇಷ್ಟ ಹಕ್ಕು ಐತಿ ಅಂತ ಹೇಳಬೇಕಾದ್ರ ಆಕಿನ್ನ ಗುರುತಿಸೋದು ಒಬ್ಬರಾದ್ರೂ ಬೇಕು ಅನ್ನೋ ಆಸೆ ನನಗ ಐತಿ, ಅದು ವಾದ ಅಲ್ಲ, ಆಸೆ. ಕೋರ್ಟಿನ್ಯಾಗ ನಾ ಅದನ್ನ ಹೇಳಂಗಿಲ್ಲ, 21ನೇ ವಿಧಿ ಅಂತನ ಹೇಳ್ತೇನಿ.

ದೇವರಿಲ್ಲಂದ್ರ ಹಕ್ಕು ಬರೇ ಬಾಯಿಮಾತು ಆಗಂಗಿಲ್ಲೇನು? ಪಾಲಿಸಬೇಕು ಯಾಕ?

ಪುಫೆಂಡಾರ್ಫ್ ಹೊಳ್ಳಿ ಬಂದ ನೋಡ್ರಿ. ಇಂಗ್ಲೆಂಡಿನ ತತ್ವಜ್ಞಾನಿ ಎಲಿಜಬೆತ್ ಆನ್ಸ್‌ಕೂಂಬ್ 1958ರಾಗ ಬರದ ಲೇಖನದಾಗ ಹೇಳಿದ್ಲು, ಕಾನೂನು ಕೊಡೋ ದೇವರನ್ನ ಕಳಿಸಿ, "ಮಾಡಲೇಬೇಕು" ಅನ್ನೋ ಪದ ಮಾತ್ರ ಇಟಗೊಂಡ್ರ, ಕ್ರಿಮಿನಲ್ ಕೋರ್ಟು ಮುಚ್ಚಿದ ಮ್ಯಾಲೂ "ಕ್ರಿಮಿನಲ್" ಅನ್ನೋ ಪದ ಉಳದಂಗ. ಇನ್ನೊಬ್ಬ ತತ್ವಜ್ಞಾನಿ ಮ್ಯಾಕಿಂಟೈರ್ 1981ರಾಗ ಇನ್ನೂ ಖಾರ: ಇಂಥಾ ಹಕ್ಕು ನಂಬೋದು ಮಾಟಗಾತಿ ನಂಬಿದಂಗ. ಹಿಂದಿನ ಕಾಲದ ಇಂಗ್ಲಿಷ್ ಚಿಂತಕ ಬೆಂಥಾಮ್ ಅಂತೂ ಬಿಟ್ಟುಕೊಡಲಾಗದ ಸಹಜ ಹಕ್ಕು ಅಂದ್ರ ಮರಗಾಲು ಕಟ್ಟಿಕೊಂಡ ಹುಚ್ಚಮಾತು ಅಂದಿದ್ದ.

ಎದುರಿನವರ ಉತ್ತರ: ಶಿಕ್ಷಾದ ಅಂಜಿಕಿಗೆ ಪಾಲಿಸೋದು ಬ್ಯಾರೆ, ಕಾರಣ ತಿಳಿದು ಪಾಲಿಸೋದು ಬ್ಯಾರೆ. ಕೂಸು ಬಾವಿ ಕಟ್ಟಿ ಮ್ಯಾಲ ಹತ್ತಿದ್ರ ಓಡಿ ಹೋಗಿ ಹಿಡೀಬೇಕು, ಯಾರ ಆಜ್ಞಾ ಅಂತ ಕೇಳೋದಿಲ್ಲ. ಕೂಸು ಅನ್ನೋದ ಕಾರಣ. ನನಗ ಈ ಉತ್ತರ ಕೂಸಿನ ಮಟ್ಟಿಗೆ ಪೂರ್ತಿ ಒಪ್ಪಿಗಿ. ನನಗ ಕೆಡಕು ಮಾಡಿದಾಂವ ಸಿಕ್ಕಿಬಿದ್ದು ಲಾಕಪ್ಪಿನ್ಯಾಗ ಕುಂತಾಗ, ಅವನ್ನೂ ಹೊಡೀಬಾರದು ಅಂತ ಹೇಳಾಕ ಇಷ್ಟ ಸಾಕೇನು ಅನ್ನೋದರಾಗ ಸಂಶಯ ಐತಿ.

ಅಡ್ಡಗ್ವಾಡಿ ಮ್ಯಾಲ ದೀಪ ಇಡಬ್ಯಾಡ್ರಿ ಸರ, ನಿಮ್ಮ ಪಕ್ಷ ಯಾವುದು?

ಹಕ್ಕು ಐತಿ ಅಂತ ತಿಳಿಯಾಕ ದೇವರು ಬ್ಯಾಡ. ಇರಾಕ ಬೇಕೋ ಬ್ಯಾಡೋ, ಎರಡೂ ಕಡೆ ಚಲೋ ವಾದ ಅದಾವ, ನಾ ಬೇಕು ಅನ್ನೋ ಕಡೆ ಸ್ವಲ್ಪ ವಾಲತೇನಿ, ಕಾರಣ ಬಸ್‌ಸ್ಟ್ಯಾಂಡಿನ ಮುದುಕಿ. ಹಕ್ಕು ಕಾಯಾಕ ಮಾತ್ರ ದೇವರ ಹೆಸರು ಮುಂದ ಮಾಡಬಾರದು, ಯಾಕಂದ್ರ ಅವನ ಪರವಾಗಿ ವಕಾಲತ್ತು ಹಾಕಿದ ಯಾರಿಗೂ ಕಕ್ಷಿದಾರನ ಸಹಿ ಸಿಕ್ಕಿಲ್ಲ. ಕಾಮತ್ ಸೋತದ್ದು ಬರೋಬ್ಬರಿ ಆತು ಅಂತ ದಿನಾ ಪೂಜಾ ಮಾಡೋ ನಾನ ಹೇಳ್ತೇನಿ.

ನಮ್ಮ ಹೋರಿಗೂ ಹಕ್ಕ ಐತೇನ್ರಿ?

ಹಾವೇರಿಯಿಂದ, ಹೋರಿ ಹಬ್ಬದ ಸೀಸನ್‌ನ್ಯಾಗ ಬಂದ ಪ್ರಶ್ನಿ. ರೋಮಿನ ಕಾನೂನು ಪಂಡಿತ ಉಲ್ಪಿಯನ್‌ಗ ಕೇಳಿದ್ರ ನ್ಯಾಚುರಲ್ ಲಾ ಅಂದ್ರ ನಿಸರ್ಗ ಎಲ್ಲಾ ಪ್ರಾಣಿಗೂ ಕಲಿಸಿದ್ದು ಅಂತಿದ್ದ, ಹೋರಿನೂ ಅದರಾಗ ಬಂತು. ಅಕ್ವಿನಾಸ್ ಅಷ್ಟ ದೂರ ಬರಂಗಿಲ್ಲ, ಪ್ರಾಣಿಗೆ ಕ್ರೂರ ಆದಾಂವ ಮನಷ್ಯಾಗೂ ಆಗತಾನ, ಅದಕ್ಕ ಬ್ಯಾಡ ಅಂತಾನ. 2014ರಾಗ ಸುಪ್ರೀಂ ಕೋರ್ಟು ಜಲ್ಲಿಕಟ್ಟು ಕೇಸಿನ್ಯಾಗ ಪ್ರಾಣಿಗಳ ಘನತಿ ಅಂತ 21ನೇ ವಿಧಿ ತನಕ ಹೋತು, 2023ರ ಸಂವಿಧಾನ ಪೀಠ ಮೂಲಭೂತ ಹಕ್ಕು ಅನ್ನೋತನಕ ಹೋಗಲಿಲ್ಲ. ನಾ ಹೇಳೋದಿಷ್ಟ: ಬುದ್ಧಿಯಿಂದ ಹಕ್ಕು ಅನ್ನೋರು ಹೋರಿನ್ನ ಆರಾಮ ಹೊರಗ ಇಡಬಹುದು. ದೇವರು ಮಾಡ್ಯಾನ, ಪ್ರೀತಿ ಮಾಡ್ತಾನ, ಅದಕ್ಕ ಹಕ್ಕು ಅಂತ ನನ್ನಂಗ ವಾಲೋರಿಗೆ ಅಷ್ಟ ಸಲೀಸ ಇಲ್ಲ, ಹೋರಿನ್ನ ಮಾಡಿದಾಂವ ಬ್ಯಾರೆ ಯಾರೂ ಅಲ್ಲಲ್ಲ.